ಬುದ್ಧ ಹೇಳಿದ ಕರ್ಮ, ನಾವು ಹೇಳುವ ಕರ್ಮ

(ಕೊಟ್ಟೂರಿನಲ್ಲಿ ಸೇರಿದ್ದ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಮತ್ತು ಕೊಟ್ಟೂರು ತಾಲ್ಲೂಕುಗಳ ಅಭ್ಯಾಸಕೂಟದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳ ಕೂಟದಲ್ಲಿ ನಡೆದ ಒಂದು ಮಾತಿನಿಂದ ಇವತ್ತಿನ ಭಾಷಣ ಹುಟ್ಟಿದೆ. ಅವತ್ತು ಬಾರದವರಿಗಾಗಿ ಅದನ್ನು ಮೊದಲು ಹೇಳುತ್ತೇವೆ. ನಮ್ಮ ಸಂಗಾತಿಯೊಬ್ಬರು ಹತ್ತಿ ಜಿನ್ನಿನ ರೋಲರಿಗೆ ಸಿಕ್ಕಿ ಬಲಗೈಯ ಮೂರು ಬೆರಳು ಕಳೆದುಕೊಂಡಿದ್ದಾರೆ. ಪರಿಹಾರದ ಅರ್ಜಿಯನ್ನು ನಾವೇ ಬರೆದು ತಂದಿದ್ದೆವು. ಅವರು ಅದನ್ನು ಮುಟ್ಟಲಿಲ್ಲ. "ಯಾವ ಜನ್ಮದಾಗ ಯಾರ ಕೈ ಮುರಿದಿದ್ದೆನೋ, ಈ ಜನ್ಮದಾಗ ತೀರಿತು, ಬಿಡ್ರಿ ಮೇಷ್ಟ್ರೇ" ಎಂದರು. ನಾವು ಕರ್ಮದ ಮಾತನ್ನು ತೆಗಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಹಿರಿಯ ಕಿರಾಣಿ ವ್ಯಾಪಾರಿಯೊಬ್ಬರು ಎದ್ದು ನಿಂತರು. "ಬುದ್ಧನೂ ಕರ್ಮಾನ ಹೇಳ್ಯಾನಲ್ರೀ. ಅಂಬೇಡ್ಕರರು ಹೋಗಿ ಸೇರಿದ್ದೂ ಅದ ಬುದ್ಧನ ಹಂತೇಕ. ಹಂಗಿದ್ದ ಮ್ಯಾಲ ಇವ ಕರ್ಮ ಅಂದರ ನಿಮಗ್ಯಾಕ ಸಿಟ್ಟು?" ಎಂದು ಕೇಳಿದರು.

ಸಭೆ ನಕ್ಕಿತು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಮೆಟ್ರಿಕ್‌ವರೆಗೆ ಓದಿ ಹುಡುಗರಿಗೆ ಲೆಕ್ಕ, ಚರಿತ್ರೆ ಹೇಳಿಕೊಟ್ಟವರು ನಾವು. ಬುದ್ಧನ ಹೆಸರನ್ನು ವೇದಿಕೆಯ ಮೇಲೆ ನೂರು ಸಲ ಎತ್ತಿದ್ದೇವೆ. ಅವನು ಏನು ಹೇಳಿದ ಎಂದು ಕುಳಿತು ಓದಿರಲಿಲ್ಲ. ಒಂದು ತಿಂಗಳು ಓದಿದೆವು. ನಡುವೆ ಒಂದು ದಿನ ಮುಂಡಗೋಡಕ್ಕೂ ಹೋಗಿಬಂದೆವು. ಪಾಳಿ, ಸಂಸ್ಕೃತ, ತಿಬೇಟಿ ಮೂರೂ ನಮಗೆ ಬಾರವು. ಅನುವಾದಗಳಿಂದ ತಿಳಿದದ್ದನ್ನು ಹೇಳುತ್ತೇವೆ. ತಪ್ಪಿದ್ದರೆ ತಿದ್ದಿರಿ.

ಈ ವಿಷಯ ನಮ್ಮ ಕಡೆಗೆ ಹೊಸತೇ? ಚಳಿಗಾಲ ಬಂತೆಂದರೆ ಹುಬ್ಬಳ್ಳಿ, ದಾವಣಗೆರೆಯಂಥ ಪೇಟೆಗಳಲ್ಲಿ ಸಾಲುಸಾಲಾಗಿ ಸ್ವೆಟರ್ ಅಂಗಡಿ ಹಾಕುವ ತಿಬೇಟಿಯರನ್ನು ನೀವು ನೋಡಿದ್ದೀರಿ. ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಉದ್ರಿ ಮಾಲು ತಂದು, ಮಾರಿ, ಲೆಕ್ಕ ಚುಕ್ತಾ ಮಾಡುವ ಜನ. ಬೌದ್ಧಧರ್ಮವೆಂದರೆ ಹಿಮಾಲಯದ ಆಚೆಯಿಂದ ಇವರು ಹೊತ್ತು ತಂದದ್ದು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ವಾಸ್ತವ ಸಂಗತಿ ತಿರುಗುಮುರುಗಾಗಿದೆ. ನಮ್ಮ ಮನೆಯಿಂದ ಹೋದ ಒಡವೆಯನ್ನು ಅವರು ಸಾವಿರ ವರ್ಷ ಕಾಪಾಡಿ ಮರಳಿ ತಂದಿದ್ದಾರೆ.

ಕೂಡ್ಲಿಗಿಗೆ ತಗುಲಿದ ತಾಲ್ಲೂಕು ಮೊಳಕಾಲ್ಮೂರು. ಅಲ್ಲಿಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಕ್ರಿಸ್ತ ಹುಟ್ಟುವುದಕ್ಕೆ ಎರಡೂವರೆ ಶತಮಾನ ಹಿಂದಿನ ಬರಹ. ಅದರಲ್ಲಿ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ರಾಜಾಜ್ಞೆಯಿದೆ. ಇನ್ನು ನಮ್ಮ ಹಳೆಯ ಬಳ್ಳಾರಿ ಜಿಲ್ಲೆಯಲ್ಲೇ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದಲ್ಲಿ ಅಶೋಕನ ಶಾಸನಗಳು ಸಿಕ್ಕಿದ್ದು 1970ರ ದಶಕದಲ್ಲಿ. ಈ ಶಾಸನಗಳ ತಿರುಳಾದ ಒಂದು ಮಾತನ್ನು ಹಮಾಲರೂ ಮಿಲ್ಲಿನವರೂ ಕೇಳಬೇಕು. ಧರ್ಮದ ಈ ಫಲ ದೊಡ್ಡವರಿಗೆ ಮಾತ್ರ ಸಿಗತಕ್ಕದ್ದಲ್ಲ, ಪ್ರಯತ್ನ ಮಾಡಿದರೆ ಸಣ್ಣವನಿಗೂ ಸಿಗುತ್ತದೆ ಎಂಬುದು ಅದರ ಅರ್ಥ. ಚಕ್ರವರ್ತಿಯೊಬ್ಬ ಇದನ್ನು ಕಲ್ಲಿನ ಮೇಲೆ ಕೆತ್ತಿಸಬೇಕಾಯಿತೆಂದರೆ, ಅದಕ್ಕೆ ವಿರುದ್ಧವಾದದ್ದನ್ನು ಹೇಳುವವರು ಆಗಲೂ ಇದ್ದರೆಂದೇ ಲೆಕ್ಕ. ಕೆತ್ತಿದ ಲಿಪಿಕಾರನ ಹೆಸರೂ ಅಲ್ಲಿದೆ: ಚಪಡ. ತಾನು ಲಿಪಿಕಾರ ಎಂಬ ಕೊನೆಯ ಮಾತನ್ನು ಅವನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ಪೆಶಾವರದ ಕಡೆಯ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಈ ಗುಡ್ಡಗಳಲ್ಲಿ ಅದನ್ನು ಓದಬಲ್ಲವರು ಎಷ್ಟು ಜನರಿದ್ದಾರು? ಆದರೂ ಬರೆದ. ದುಡಿದವನಿಗೆ ತನ್ನ ಗುರುತು ಇಡುವ ಆಸೆ ಇದ್ದೇ ಇರುತ್ತದೆ.

ವ್ಯಾಪಾರಿ ಬಂಧುಗಳಿಗೂ ಒಂದು ಶಾಸನವಿದೆ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಡರಗಿ ತಾಲ್ಲೂಕು, ಅಲ್ಲಿ ಡಂಬಳ. ಆಗ ಅದಕ್ಕೆ ಧರ್ಮವೊಳಲು ಎಂದು ಹೆಸರು. 1095ರ ಹೊತ್ತಿಗೆ ಅಲ್ಲಿ ಎರಡು ಬೌದ್ಧ ವಿಹಾರಗಳಿದ್ದವು. ಒಂದನ್ನು ಕಟ್ಟಿಸಿದವರು ಆ ಊರಿನ 16 ಮಂದಿ ಸೆಟ್ಟಿಗಳು. ಇನ್ನೊಂದು ಆರ್ಯತಾರಾದೇವಿಯ ವಿಹಾರ, ಲಕ್ಕುಂಡಿಯ ದೊಡ್ಡ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಬಳ್ಳಿಗಾವಿಯಲ್ಲೂ 1065ರಲ್ಲಿ ಬೌದ್ಧ ವಿಹಾರ ಎದ್ದಿತ್ತು. ಆ ತಾರೆಯೇ ಇಂದು ಮುಂಡಗೋಡದಲ್ಲಿ ತಿಬೇಟಿಯರ ತಾಯಿ. ಬಂಗಾಳದ ಅತೀಶ ಎಂಬ ಪಂಡಿತ 1042ರಲ್ಲಿ ತಿಬೇಟಿಗೆ ಹೋಗಿ ತಾರೆಯ ಭಕ್ತಿಯನ್ನು ಅಲ್ಲಿ ಬೇರೂರಿಸಿದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಸೆಟ್ಟರು ಅವಳ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಇಲ್ಲಿ ದೀಪ ಆರಿತು, ಅಲ್ಲಿ ಉರಿಯಿತು.

ಈಗ ವಿಚಾರಕ್ಕೆ ಬರೋಣ.

ಬುದ್ಧ ವೈದ್ಯನ ಹಾಗೆ ಮಾತಾಡಿದ. ರೋಗವಿದೆ, ರೋಗಕ್ಕೆ ಕಾರಣವಿದೆ, ರೋಗ ವಾಸಿಯಾಗುವುದುಂಟು, ಅದಕ್ಕೆ ಪಥ್ಯವಿದೆ. ದುಃಖದ ವಿಷಯವಾಗಿ ಹೇಳಿದ ಈ ನಾಲ್ಕು ಸತ್ಯಗಳು ಎಲ್ಲ ಬೌದ್ಧರಿಗೂ ಒಪ್ಪಿಗೆ. ಇವುಗಳಲ್ಲಿ ಎರಡನೆಯದೇ ಮುಖ್ಯ, ಕಾರಣವಿದೆ ಎಂಬುದು. ಇದು ಇದ್ದರೆ ಅದು ಉಂಟಾಗುತ್ತದೆ, ಇದು ಇಲ್ಲದಾದರೆ ಅದೂ ಇಲ್ಲವಾಗುತ್ತದೆ. ಇದಕ್ಕೆ ಪ್ರತೀತ್ಯಸಮುತ್ಪಾದ ಎಂದು ದೊಡ್ಡ ಹೆಸರು. ಹೆಸರಿಗೆ ಹೆದರಬೇಡಿ. ಭಟ್ಟಿಯಲ್ಲಿ ದುಡಿದವರಿಗೆ ಇದು ಗೊತ್ತೇ ಇದೆ. ಮಂಡಕ್ಕಿ ತಾನೇ ಹುಟ್ಟಿತೇ? ಭತ್ತ ಬೇಕು, ನೀರು ಬೇಕು, ಉಪ್ಪು ಬೇಕು, ಕಾದ ಮರಳು ಬೇಕು, ಬೆಂಕಿ ಬೇಕು, ಬೆಳಗಿನ ಜಾವದಿಂದ ಹೊಗೆ ಕುಡಿಯುವ ಒಬ್ಬ ಮನುಷ್ಯ ಬೇಕು. ಒಂದು ತಪ್ಪಿದರೆ ಮಂಡಕ್ಕಿ ಇಲ್ಲ. ಈ ಎಲ್ಲವನ್ನೂ ತೆಗೆದಿಟ್ಟ ಮೇಲೆ ಮಂಡಕ್ಕಿಯ ಆತ್ಮ ಎಂಬುದೊಂದು ಬೇರೆ ಉಳಿಯುತ್ತದೆಯೇ? ಬುದ್ಧ ಮನುಷ್ಯನ ವಿಷಯದಲ್ಲೂ ಇದನ್ನೇ ಕೇಳಿದ. ದೇಹ, ವೇದನೆ, ಗ್ರಹಿಕೆ, ಸಂಸ್ಕಾರ, ಅರಿವು ಎಂಬ ಐದು ಕಂತೆಗಳನ್ನು ಬಿಟ್ಟರೆ, ಒಳಗೆ ಕೂತ ಬದಲಾಗದ ಒಡೆಯನೊಬ್ಬ ಸಿಗುವುದಿಲ್ಲ ಎಂದ. ಇದು ಅನಾತ್ಮವಾದ.

ಇದಕ್ಕೆ ಹಳೆಯ ಗ್ರಂಥವಾದ ಮಿಲಿಂದಪ್ರಶ್ನೆಯಲ್ಲಿ ರಥದ ದೃಷ್ಟಾಂತವಿದೆ. ಗ್ರೀಕರ ದೊರೆ ಮಿಲಿಂದನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ನೀನು ರಥದಲ್ಲಿ ಬಂದೆಯಲ್ಲ, ಅದರಲ್ಲಿ ರಥ ಯಾವುದು? ಅಚ್ಚೇ? ಗಾಲಿಯೇ? ನೊಗವೇ? ಕೊಟ್ಟೂರಿನವರಿಗೆ ನಾವು ಮಿಲಿಂದನ ರಥ ತೋರಿಸಬೇಕಾಗಿಲ್ಲ. 2017ರ ಜಾತ್ರೆಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿ ಬಿದ್ದದ್ದನ್ನು ನಿಮ್ಮಲ್ಲಿ ಎಷ್ಟೋ ಮಂದಿ ಕಣ್ಣಾರೆ ನೋಡಿದ್ದೀರಿ. ಮರ ಅಲ್ಲೇ ಇತ್ತು, ಗಾಲಿ ಅಲ್ಲೇ ಇದ್ದವು, ಮಿಣಿ ಅಲ್ಲೇ ಇತ್ತು. ತೇರು ಎಲ್ಲಿ ಹೋಯಿತು? ಆಮೇಲೆ ಮತ್ತೆ ತೇರು ಎಳೆದಿರಿ. ಬೇರೆ ಮರದಿಂದ ಮಾಡಿದರೂ ಅದನ್ನು ಕೊಟ್ಟೂರೇಶ್ವರನ ತೇರು ಎಂದೇ ಕರೆದಿರಿ, ಹಾಗೆ ಕರೆದದ್ದು ಸುಳ್ಳೂ ಅಲ್ಲ. ಮರ, ಬಡಗಿ, ಮಿಣಿ ಹಿಡಿದ ಸಾವಿರ ಕೈ, ಊರಿನ ಭಕ್ತಿ, ಇವು ಕೂಡಿದಲ್ಲಿ ತೇರು ಎಂಬ ಹೆಸರು ನಿಲ್ಲುತ್ತದೆ. ಭಕ್ತರು ಬೇಸರ ಮಾಡಿಕೊಳ್ಳಬೇಡಿ. ಸ್ವಾಮಿಯ ವಿಷಯ ನಾವು ಎತ್ತಿಲ್ಲ, ತೇರಿನ ವಿಷಯ ಮಾತ್ರ ಎತ್ತಿದ್ದೇವೆ.

ಈ ಎಳೆಯನ್ನು ಹಿಡಿದು ಕೊನೆಯವರೆಗೆ ಜಗ್ಗಿದವನು ನಾಗಾರ್ಜುನ. ನಮ್ಮ ನೆರೆಯ ಆಂಧ್ರದೊಡನೆ ಅವನ ಹೆಸರು ಹೊಂದಿಕೊಂಡಿದೆ, ಕಾಲ ಸುಮಾರು ಎರಡನೆಯ ಶತಮಾನ. ಅವನ ಮಧ್ಯಮಕ ಕಾರಿಕೆಗಳಿಗೆ 27 ಪ್ರಕರಣಗಳು. ಎಲ್ಲವೂ ಬೇರೊಂದನ್ನು ಅವಲಂಬಿಸಿ ಹುಟ್ಟುವುದರಿಂದ ಯಾವುದಕ್ಕೂ ಸ್ವಂತ ಸ್ವಭಾವ ಎಂಬುದಿಲ್ಲ, ಹಾಗಾಗಿ ಎಲ್ಲವೂ ಶೂನ್ಯ ಎಂದ. ಈ ಶೂನ್ಯ ಎಂಬ ಮಾತಿನಿಂದ ಬಹಳ ಗೊಂದಲವಾಗಿದೆ. ಎಲ್ಲ ಶೂನ್ಯ ಎಂದರೆ ಏನೂ ಇಲ್ಲ, ಹಾಗಾದರೆ ಉಪವಾಸವೂ ಇಲ್ಲ, ಬಡ್ಡಿಯೂ ಇಲ್ಲ ಎಂದು ಗೇಲಿ ಮಾಡಿದವರು ಅವನ ಕಾಲದಲ್ಲೇ ಇದ್ದರು. ಅವನೇ ಎಚ್ಚರಿಸಿದ್ದಾನೆ: ಶೂನ್ಯವನ್ನು ತಪ್ಪಾಗಿ ಹಿಡಿದವನು ಹಾವನ್ನು ತಪ್ಪಾಗಿ ಹಿಡಿದವನಂತೆ ಕೆಡುತ್ತಾನೆ.

ಅಂಗಡಿಕಾರರಿಗೆ ಇದನ್ನು ತಿಳಿಸಲು ನಮಗೆ ಪುಸ್ತಕ ಬೇಡ. 2016ರ ನವೆಂಬರ್ 8ರ ರಾತ್ರಿಯನ್ನು ನೆನೆಯಿರಿ. ಸಂಜೆ ಗಲ್ಲಾಪೆಟ್ಟಿಗೆಯಲ್ಲಿದ್ದ ಐನೂರರ, ಸಾವಿರದ ನೋಟು ನಡುರಾತ್ರಿ ಚಲಾವಣೆ ಕಳೆದುಕೊಂಡವು. ಕಾಗದ ಅದೇ, ಮಸಿ ಅದೇ, ಗಾಂಧಿಯ ಚಿತ್ರ ಅದೇ. ಬೆಲೆ ನೋಟಿನ ಹೊಟ್ಟೆಯೊಳಗೆ ಇದ್ದದ್ದಾಗಿದ್ದರೆ ಒಂದು ಘೋಷಣೆಯಿಂದ ಎಲ್ಲಿ ಹೋಗುತ್ತಿತ್ತು? ಸರ್ಕಾರದ ಮಾತು, ಬ್ಯಾಂಕಿನ ವಾಗ್ದಾನ, ನಿಮ್ಮ ನಂಬಿಕೆ, ಗಿರಾಕಿಯ ನಂಬಿಕೆ ಕೂಡಿದ್ದರಿಂದ ಬೆಲೆ ನಿಂತಿತ್ತು. ನಾಗಾರ್ಜುನ ಶೂನ್ಯ ಎಂದದ್ದು ಇದನ್ನು. ಆದರೆ ಬೆಲೆ ಎಂಬುದು ಬರೀ ಭ್ರಮೆ ಎಂದು ಬ್ಯಾಂಕಿನ ಮುಂದಿನ ಸಾಲಿನಲ್ಲಿ ನಿಂತವರಿಗೆ ಹೇಳಿ ನೋಡಿ! ಸಂತೆಯಲ್ಲಿ ಈರುಳ್ಳಿ ಕೊಳೆತದ್ದು, ಕೂಲಿ ಬಟವಾಡೆ ನಿಂತದ್ದು, ಎಲ್ಲ ನಿಜವಾಗಿ ಆಯಿತು. ಆದುದರಿಂದಲೇ ನಾಗಾರ್ಜುನ ಎರಡು ಸತ್ಯಗಳನ್ನು ಹೇಳುತ್ತಾನೆ. ವ್ಯವಹಾರದ ಸತ್ಯ ಒಂದು, ಪರಮಾರ್ಥದ ಸತ್ಯ ಒಂದು. ಮೊದಲನೆಯದರ ಆಸರೆಯಿಲ್ಲದೆ ಎರಡನೆಯದನ್ನು ಹೇಳಲಿಕ್ಕೇ ಆಗದು ಎಂಬುದು ಅವನ ಮಾತು. ಸ್ವಭಾವವಿಲ್ಲದ್ದರಿಂದಲೇ ಬದಲಾವಣೆ ಸಾಧ್ಯ ಎಂದೂ ವಾದಿಸುತ್ತಾನೆ. ಬಡವನ ಬಡತನ ಅವನ ಸ್ವಭಾವವಾಗಿದ್ದರೆ ಯಾವ ಸಂಘ, ಯಾವ ಮುಷ್ಕರದಿಂದಲೂ ಅದು ಹೋಗುತ್ತಿರಲಿಲ್ಲ. ಈ ಕೊನೆಯ ಮಾತು ನಾಗಾರ್ಜುನನದಲ್ಲ, ನಮ್ಮದು. ಅವನ ಲೆಕ್ಕದಿಂದ ಅದು ಹೊರಡುತ್ತದೆಂದು ನಮ್ಮ ನಂಬಿಕೆ.

ಅಸಂಗ, ವಸುಬಂಧು ಎಂಬ ಸೋದರರು ಎಲ್ಲವೂ ಚಿತ್ತದ ಆಟ ಎಂಬ ಕಡೆಗೆ ವಾದವನ್ನು ಒಯ್ದರು. ಅದು ಸೂಕ್ಷ್ಮವಾದ ವಿಷಯ, ನಮಗೆ ಇನ್ನೂ ಸರಿಯಾಗಿ ದಕ್ಕಿಲ್ಲ, ಬಿಡೋಣ. ಆದರೆ ದಿಙ್ನಾಗ, ಧರ್ಮಕೀರ್ತಿ ಎಂಬ ಇಬ್ಬರನ್ನು ಬಿಡುವಂತಿಲ್ಲ. ಇವರು ತರ್ಕದವರು. ತಿಳಿವಳಿಕೆಗೆ ಎರಡೇ ಪ್ರಮಾಣ: ಕಣ್ಣಾರೆ ಕಂಡ ಪ್ರತ್ಯಕ್ಷ, ಕಂಡದ್ದರಿಂದ ಕಾರಣ ಹಿಡಿದು ಊಹಿಸುವ ಅನುಮಾನ. ಶಾಸ್ತ್ರ ಹೇಳಿದೆ ಎಂಬುದು ಮೂರನೆಯ ಪ್ರಮಾಣವಲ್ಲ. ಈ ಎರಡಕ್ಕೂ ಎಟುಕದ ತೀರ ಮರೆಯ ಸಂಗತಿ ಇದ್ದರೆ, ಬೇರೆ ದಾರಿಯೇ ಇಲ್ಲದಾಗ, ಶಾಸ್ತ್ರದ ಕಡೆಗೆ ನೋಡಬಹುದು, ಅಷ್ಟೆ. ಏಳನೆಯ ಶತಮಾನದ ಸುಮಾರಿಗೆ ಇದ್ದ ಧರ್ಮಕೀರ್ತಿ ಬುದ್ಧಿಗೆಟ್ಟವರ ಐದು ಲಕ್ಷಣಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಜಾತಿಯ ಹೆಮ್ಮೆ ಒಂದು.

ಈ ಧರ್ಮಕೀರ್ತಿಯ ಮುಖ್ಯ ಗ್ರಂಥ ಪ್ರಮಾಣವಾರ್ತಿಕದ ಸಂಸ್ಕೃತ ಮೂಲ ಭಾರತದಲ್ಲಿ ಕಾಣದಂತಾಗಿತ್ತು. ತಿಬೇಟಿ ಭಾಷೆಯ ಅನುವಾದ ಮಾತ್ರ ಇತ್ತು. ಅದರ ಮೂಲವನ್ನು ತಿಬೇಟಿನ ಮಠಗಳಲ್ಲಿ ಹುಡುಕಿ ತೆಗೆದವರು ಯಾರೆಂದು ಕೇಳಿದರೆ ನಿಮಗೆ ಹೆಮ್ಮೆಯಾದೀತು. ಬಿಹಾರದ ರೈತ ಚಳವಳಿಯಲ್ಲಿ ಜೈಲು ಕಂಡ ರಾಹುಲ ಸಾಂಕೃತ್ಯಾಯನರು! 1929ರಿಂದ 1938ರೊಳಗೆ ನಾಲ್ಕು ಸಲ ತಿಬೇಟಿಗೆ ಹೋದರು. ಮೊದಲ ಸಲ ವೇಷ ಮರೆಸಿಕೊಂಡು ಗಡಿ ದಾಟಿದರು. ಹೇಸರಗತ್ತೆಗಳ ಮೇಲೆ ಗ್ರಂಥ, ಚಿತ್ರಪಟ ಹೇರಿಕೊಂಡು ಬಂದರು. ಅವರು ತಂದದ್ದು ಪಾಟ್ನಾದಲ್ಲಿ ಸಂಗ್ರಹವಾಯಿತು. ಓದುವುದಕ್ಕೂ ಹೋರಾಟಕ್ಕೂ ಆಗಿಬರದು ಎನ್ನುವ ನಮ್ಮ ಕೆಲವು ಕಾರ್ಯಕರ್ತರು ಇವರ ಆತ್ಮಕಥೆಯನ್ನು ಓದಬೇಕು. ಓದುವುದಾದರೆ!

ತಿಬೇಟಿಗೆ ಈ ವಿದ್ಯೆ ಹೋದದ್ದು ಎಂಟನೆಯ ಶತಮಾನದಲ್ಲಿ. ಅಲ್ಲಿನ ಅರಸ ಭಾರತದ ಪಂಡಿತ ಶಾಂತರಕ್ಷಿತನನ್ನು ಕರೆಸಿಕೊಂಡ, ಸಮ್ಯೆ ಎಂಬಲ್ಲಿ ಮೊದಲ ಮಠ ಎದ್ದಿತು. ಆಮೇಲೆ ಅವನ ಶಿಷ್ಯ ಕಮಲಶೀಲ ಬಂದು ಚೀನಾದ ಭಿಕ್ಷುವೊಬ್ಬನೊಡನೆ ವಾದ ಮಾಡಿದ. ಮನಸ್ಸನ್ನು ಬರಿದು ಮಾಡಿ ಕೂತರೆ ಸಾಕೇ, ವಿಚಾರ ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕೇ ಎಂಬುದು ವಾದದ ವಿಷಯ. ವಿಚಾರವೇ ಗೆದ್ದಿತೆಂದು ತಿಬೇಟಿಯರು ಹೇಳುತ್ತಾರೆ. ಚೀನೀ ಮೂಲಗಳು ಬೇರೆ ಹೇಳುತ್ತವೆ. ಅದೇನೇ ಇರಲಿ, ವಿಚಾರ ಮಾಡುವ ಪದ್ಧತಿ ಅಲ್ಲಿ ಉಳಿಯಿತು. ಶತಮಾನಗಟ್ಟಲೆ ಕೂತು ಸಂಸ್ಕೃತ ಗ್ರಂಥಗಳನ್ನು ತಮ್ಮ ಭಾಷೆಗೆ ತಂದರು. ಜೋಂಖಪ ಎಂಬ ಆಚಾರ್ಯ 1409ರಲ್ಲಿ ಗಾದೆನ್ ಮಠ ಕಟ್ಟಿದ. 1416ರಲ್ಲಿ ದ್ರೆಪುಂಗ್, 1419ರಲ್ಲಿ ಸೆರಾ. ಲ್ಹಾಸಾದ ಸುತ್ತಲಿನ ಈ ಮೂರು ಮಹಾಮಠಗಳು 1959ರ ಆಮೇಲೆ ಮತ್ತೆ ಎದ್ದದ್ದು ಎಲ್ಲಿ? ಕನ್ನಡದ ನೆಲದಲ್ಲಿ. ಸೆರಾ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ದ್ರೆಪುಂಗ್ ಮತ್ತು ಗಾದೆನ್ ಉತ್ತರ ಕನ್ನಡದ ಮುಂಡಗೋಡದಲ್ಲಿ. ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ, 1966ರಲ್ಲಿ ಮುಂಡಗೋಡದಲ್ಲಿ ಸುಮಾರು 4,000 ಎಕರೆ ಕಾಡುನೆಲ ಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬಿತ್ತಿದ ಜನವೇ ಮಠವನ್ನೂ ಕಟ್ಟಿತು.

ಮುಂಡಗೋಡದಲ್ಲಿ ನಾವು ಕಂಡದ್ದನ್ನು ಹೇಳಬೇಕು. ಸಂಜೆ ಅಂಗಳದಲ್ಲಿ ನೂರಾರು ಭಿಕ್ಷುಗಳು ಜೋಡಿ ಜೋಡಿಯಾಗಿ ಸೇರಿದ್ದರು. ಒಬ್ಬ ಕೂತಿರುತ್ತಾನೆ, ಒಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಕೇಳಿ ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆಯುತ್ತಾನೆ, ಕೂತವನು ಉತ್ತರ ಹೇಳಬೇಕು. ಉತ್ತರ ಮೊದಲು ಹೇಳಿದ್ದಕ್ಕೆ ವಿರುದ್ಧವಾಯಿತೋ, ಸುತ್ತಲಿದ್ದವರು ಕೂಗಿ ಎಬ್ಬಿಸುತ್ತಾರೆ. ನಮಗೆ ಮೊದಲು ಜಗಳವೆಂದೇ ಅನ್ನಿಸಿತು. ಪೇಟೆಯಲ್ಲಿ ತರಕಾರಿ ತಂದು ತಂದು ಕನ್ನಡ ಕಲಿತ ಯುವ ಭಿಕ್ಷುವೊಬ್ಬ, ಸ್ಪಿತಿ ಕಣಿವೆಯವನಂತೆ, ಪಕ್ಕದಲ್ಲಿ ನಿಂತು ವಿವರಿಸಿದ. ಐದು ಮಹಾಗ್ರಂಥಗಳನ್ನು ಹೀಗೆ ವಾದ ಮಾಡುತ್ತ ಹದಿನೈದು ಇಪ್ಪತ್ತು ವರ್ಷ ಓದಿದ ಮೇಲೆ ಗೆಶೆ ಎಂಬ ಪದವಿ. ಪ್ರಜ್ಞಾಪಾರಮಿತೆಯ ಮೇಲಿನ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ಧರ್ಮಕೀರ್ತಿಯ ಪ್ರಮಾಣವಾರ್ತಿಕ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಐದೂ ಭಾರತದವೇ. ಗುರುವಿನೆದುರು ಶಿಷ್ಯ ಹೀಗೆ ಚಪ್ಪಾಳೆ ಹೊಡೆದು ಪ್ರಶ್ನೆ ಹಾಕುವುದನ್ನು ನಮ್ಮ ಶಾಲೆಗಳಲ್ಲಿ ಕಲ್ಪಿಸಿಕೊಳ್ಳಲಾದೀತೇ! ಹೆಂಗಸರಿಗೆ ಮಾತ್ರ ಈ ಪದವಿ ಇರಲಿಲ್ಲ. 2016ರ ಡಿಸೆಂಬರಿನಲ್ಲಿ ಮುಂಡಗೋಡದಲ್ಲೇ ಮೊದಲ ಸಲ 20 ಮಂದಿ ಭಿಕ್ಷುಣಿಯರಿಗೆ ಗೆಶೆಮಾ ಎಂದು ಕೊಟ್ಟರು. ಆರು ನೂರು ವರ್ಷ ತಡ. ನಮ್ಮ ಯೂನಿಯನ್ನಿನ ಕಾರ್ಯಕಾರಿಯಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ಎಣಿಸಿದ ಮೇಲೆ ಅವರನ್ನು ಟೀಕಿಸೋಣ.

ಹಾಗೆಂದು ಹಳೆಯ ತಿಬೇಟು ಸ್ವರ್ಗವಾಗಿತ್ತೆಂದು ತಿಳಿಯಬೇಡಿ. ಮಠಗಳಿಗೆ ದೊಡ್ಡ ದೊಡ್ಡ ಜಹಗೀರುಗಳಿದ್ದವು. ಆ ನೆಲಕ್ಕೆ ಕಟ್ಟುಬಿದ್ದ ಒಕ್ಕಲುಗಳಿದ್ದವು. ಅಂಗಳದಲ್ಲಿ ಶೂನ್ಯತೆಯ ಮೇಲೆ ಸೊಗಸಾದ ವಾದ ನಡೆಯುತ್ತಿದ್ದಾಗ ಹೊರಗೆ ಬಿಟ್ಟಿ ದುಡಿಯುವವನ ಕಟ್ಟು ಸಡಿಲಲಿಲ್ಲ. ಯಾವುದಕ್ಕೂ ಸ್ವಭಾವವಿಲ್ಲ ಎಂದವರು ಒಡೆಯ, ಒಕ್ಕಲು ಎಂಬುದಕ್ಕೆ ಮಾತ್ರ ಸ್ವಭಾವವಿರುವಂತೆ ನಡೆದುಕೊಂಡರು. ಅದಕ್ಕೆ ಔಷಧ ಪರದೇಶದ ಸೈನ್ಯವೇ ಎಂದರೆ ಅಲ್ಲವೆನ್ನುತ್ತೇವೆ. 1950ರಲ್ಲಿ ಚೀನಾದ ಸೇನೆ ನುಗ್ಗಿದಾಗ ಡಾಕ್ಟರ್ ಲೋಹಿಯಾ ಅದನ್ನು ಶಿಶುಹತ್ಯೆ ಎಂದರು. ಸಮಾಜವಾದಿಗಳು ಆ ಮಾತಿನಿಂದ ಹಿಂದೆ ಸರಿಯಲಿಲ್ಲ. ದಲೈ ಲಾಮಾ ಅವರೋ, ಸಂಪತ್ತಿನ ಹಂಚಿಕೆಯ ವಿಷಯದಲ್ಲಿ ತಾವು ಮಾರ್ಕ್ಸ್‌ವಾದಿ ಎಂದು ಹಲವು ಸಲ ಹೇಳಿದ್ದಾರೆ.

ಇನ್ನು ಕಿರಾಣಿ ಅಂಗಡಿಯ ಯಜಮಾನರ ಪ್ರಶ್ನೆ. ಯಜಮಾನರೇ, ನಿಮ್ಮ ಮಾತು ಅರ್ಧ ಸರಿ. ಬುದ್ಧ ಕರ್ಮವನ್ನು ಹೇಳಿದ. ತಿಬೇಟಿಯರು ಪುನರ್ಜನ್ಮವನ್ನೂ ಗಟ್ಟಿಯಾಗಿ ನಂಬುತ್ತಾರೆ, ನಾವು ಅದನ್ನು ಮುಚ್ಚಿಡುವುದಿಲ್ಲ. ಆದರೆ ಬುದ್ಧ ಕರ್ಮ ಎಂದದ್ದು ಯಾವುದನ್ನು? ಮನಸ್ಸಿನ ಸಂಕಲ್ಪವನ್ನು, ಚೇತನೆಯನ್ನು. ಈಗ ನೀನು ಏನು ಮಾಡಲು ಹೊರಟಿದ್ದೀಯೆ ಎಂಬುದು ಅದರ ಮುಖ್ಯ ಭಾಗ. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಸನ್ಯಾಸಿ ಬಂದು ನಿಮ್ಮ ಪ್ರಶ್ನೆಯನ್ನೇ ಕೇಳುತ್ತಾನೆ. ಮನುಷ್ಯ ಪಡುವ ಸುಖದುಃಖವೆಲ್ಲ ಹಿಂದಿನ ಕರ್ಮದಿಂದಲೇ ಎನ್ನುವವರಿದ್ದಾರಲ್ಲ, ನೀವೇನು ಹೇಳುತ್ತೀರಿ? ಬುದ್ಧನ ಉತ್ತರ: ಪಿತ್ತದಿಂದ ನೋವು ಬರುತ್ತದೆ, ಕಫದಿಂದ ಬರುತ್ತದೆ, ವಾತದಿಂದ, ಮೂರೂ ಕೂಡಿ, ಋತು ಬದಲಾಗಿ, ಜೋಪಾನ ತಪ್ಪಿ, ಪೆಟ್ಟು ಬಿದ್ದು ಬರುತ್ತದೆ, ಕರ್ಮದಿಂದಲೂ ಬರುತ್ತದೆ. ಎಂಟರಲ್ಲಿ ಒಂದು! ಎಲ್ಲವೂ ಕರ್ಮ ಎನ್ನುವವರು ತಾವೇ ಕಂಡುಬಲ್ಲದ್ದನ್ನು ಮೀರಿ ಹೋಗುತ್ತಾರೆ, ಅದು ತಪ್ಪು ಎಂದು ಅವನು ಕಡ್ಡಿ ತುಂಡುಮಾಡಿ ಹೇಳಿದ. ಇನ್ನೊಂದು ಕಡೆ, ಯಾವ ಕರ್ಮಕ್ಕೆ ಯಾವ ಫಲ ಎಂದು ಲೆಕ್ಕ ಹಾಕಲು ಹೋದರೆ ಹುಚ್ಚು ಹಿಡಿದೀತು ಎಂದೂ ಎಚ್ಚರಿಸಿದ್ದಾನೆ.

ಈಗ ಧರ್ಮಕೀರ್ತಿಯ ಎರಡು ಪ್ರಮಾಣಗಳನ್ನು ಜಿನ್ನಿನ ಮನೆಗೆ ತನ್ನಿ. ಹಿಂದಿನ ಜನ್ಮದಲ್ಲಿ ಇವರು ಯಾರ ಕೈ ಮುರಿದರು ಎಂಬುದು ತೀರ ಮರೆಯ ಸಂಗತಿ. ನಮಗೆ ಗೊತ್ತಿಲ್ಲ, ನಿಮಗೆ ಗೊತ್ತಿಲ್ಲ, ಮಿಲ್ಲಿನ ಮಾಲೀಕರಿಗಂತೂ ಗೊತ್ತಿರಲಾರದು. ರೋಲರಿಗೆ ಮುಚ್ಚಿಗೆ ಇರಲಿಲ್ಲ ಎಂಬುದು ಪ್ರತ್ಯಕ್ಷ. ಅವತ್ತು ಇವರದು ಎರಡನೆಯ ಪಾಳಿ, ನಿದ್ದೆಗೆಟ್ಟಿದ್ದರು ಎಂಬುದು ಹಾಜರಿ ಪುಸ್ತಕದಿಂದ ಸಿಗುವ ಅನುಮಾನ. ಎಟುಕುವ ಎರಡು ಕಾರಣಗಳನ್ನು ಬಿಟ್ಟು ಎಟುಕದ ಒಂದನ್ನು ಯಾಕೆ ಹಿಡಿಯಬೇಕು? ಅದರಿಂದ ಯಾರಿಗೆ ಉಳಿತಾಯ?

ಬಡತನದ ವಿಷಯವನ್ನೂ ಬುದ್ಧ ಜನ್ಮಾಂತರಕ್ಕೆ ತಳ್ಳಲಿಲ್ಲ. ದೀಘ ನಿಕಾಯದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ಒಬ್ಬ ಅರಸ ಇಲ್ಲದವರಿಗೆ ಧನ ಕೊಡುವುದನ್ನು ಬಿಡುತ್ತಾನೆ. ಅದರಿಂದ ಬಡತನ ಹೆಚ್ಚುತ್ತದೆ, ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ, ಸುಳ್ಳು. ಕಳ್ಳರ ತಲೆ ಹೊಡೆಸಿದರೂ ಅದು ನಿಲ್ಲಲಿಲ್ಲ. ಕಾರಣದ ಸರಪಣಿ ಎಲ್ಲಿಂದ ಶುರುವಾಯಿತೆಂದು ನೋಡಿದಿರಾ? ಖಜಾನೆಯಿಂದ. ಸಿಗಾಲ ಎಂಬ ಗೃಹಸ್ಥನಿಗೆ ಹೇಳಿದ ಮಾತಿನಲ್ಲಿ ಒಡೆಯನು ಆಳಿಗೆ ಮಾಡಬೇಕಾದ ಐದು ಕರ್ತವ್ಯಗಳಿವೆ. ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆ ಬಿದ್ದಾಗ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಕಾಲಕಾಲಕ್ಕೆ ರಜೆ. ನಮ್ಮ ಬೇಡಿಕೆ ಪತ್ರದಲ್ಲಿ ಇವುಗಳಲ್ಲಿ ನಾಲ್ಕು ಇವೆ. ತಿನಿಸಿನ ಪಾಲು ನಾವು ಕೇಳಿಲ್ಲ.

ವ್ಯಾಪಾರಿಗಳಿಗೂ ಮಾತಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಮನಸ್ಸಿಟ್ಟು ಅಂಗಡಿ ನೋಡದವನು ಗಳಿಸಲಾರ ಎಂದಿದ್ದಾನೆ. ವ್ಯಾಪಾರವನ್ನು ಹೀನವೆನ್ನಲಿಲ್ಲ. ಐದು ವ್ಯಾಪಾರ ಮಾತ್ರ ಬೇಡವೆಂದ: ಆಯುಧ, ಪ್ರಾಣಿ-ಮನುಷ್ಯರ ಮಾರಾಟ, ಮಾಂಸ, ಮದ್ಯ, ವಿಷ. ಇದನ್ನು ಹೇಳಿದಾಗ ಗೊಬ್ಬರದ ಅಂಗಡಿಯ ಗೆಳೆಯರೊಬ್ಬರು, ಹತ್ತಿ ಹುಳಕ್ಕೆ ಹೊಡೆಯುವ ಎಣ್ಣೆ ಮಾರುವ ನಾನು ಎಲ್ಲಿ ನಿಲ್ಲಲಿ ಎಂದು ಕೇಳಿದರು. ಸುಲಭವಾದ ಪ್ರಶ್ನೆಯಲ್ಲ. ಉದ್ರಿ ತೀರಿಸಲಾರದ ರೈತ ಆ ಡಬ್ಬಿಯನ್ನೇ ಎತ್ತಿ ಕುಡಿದದ್ದನ್ನು ನಮ್ಮ ಐದೂ ತಾಲ್ಲೂಕಿನಲ್ಲಿ ಕೇಳಿದ್ದೇವೆ. ಅವರಿಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ.

ಅಂಬೇಡ್ಕರರ ಮಾತು ಬಾಕಿ ಇದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಲಕ್ಷಾಂತರ ಜನರೊಡನೆ ಬೌದ್ಧರಾದರು. ಡಿಸೆಂಬರ್ 6ರಂದು ತೀರಿಕೊಂಡರು. ಬುದ್ಧ ಮತ್ತು ಅವನ ಧಮ್ಮ ಎಂಬ ಅವರ ಗ್ರಂಥ ಮರುವರ್ಷ ಹೊರಬಂತು. ಅದರಲ್ಲಿ ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಕೀಳುತನ ಎಂಬ ವಿಚಾರವನ್ನು ಅವರು ಒಪ್ಪಲಿಲ್ಲ. ಹುಟ್ಟೇ ದುಃಖ, ಸಾವೇ ದುಃಖ ಎಂದು ಹೇಳಿದರೆ ಬಡವನಿಗೆ ಏನು ಭರವಸೆ ಎಂದು ಮೂಲ ಸತ್ಯಗಳನ್ನೇ ಪ್ರಶ್ನಿಸಿದರು. ಹಳೆಯ ಭಿಕ್ಷುಗಳಿಗೆ ಅದು ರುಚಿಸಲಿಲ್ಲ. ಮುಂಡಗೋಡದ ಗೆಶೆಗಳಿಗೂ ಅಂಬೇಡ್ಕರರಿಗೂ ಇಲ್ಲಿ ನಿಜವಾದ ಭಿನ್ನಾಭಿಪ್ರಾಯವಿದೆ. ನಾವು ಅಂಬೇಡ್ಕರರ ಕಡೆ. ಆದರೆ ವಾದ ಮಾಡುವುದನ್ನು ಗೆಶೆಗಳಿಂದಲೇ ಕಲಿಯಬೇಕು.

ಮಿತ್ರರೇ, ಬೆರಳು ಕಳೆದುಕೊಂಡ ಸಂಗಾತಿ ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅವರಿಗೆ ಒಂದು ಮಾತು. ಅಣ್ಣಾ, ಪರಿಹಾರ ಕೇಳುವುದು ದಾನ ಬೇಡಿದಂತೆ ಅಲ್ಲ. 1923ರಲ್ಲೇ ಕಾಯಿದೆಯಾಗಿ ಬಂದ ಹಕ್ಕು ಅದು. ಪುನರ್ಜನ್ಮವನ್ನು ನೀನು ನಂಬಿಕೋ, ಅದರಲ್ಲಿ ನಾವು ಕೈಹಾಕುವುದಿಲ್ಲ. ಅರ್ಜಿ ನಮ್ಮ ಚೀಲದಲ್ಲಿದೆ, ಎಡಗೈ ಹೆಬ್ಬೆಟ್ಟು ನಡೆಯುತ್ತದೆ. ಹೆಚ್ಚು ತಡಮಾಡಿದರೆ ಅವಧಿ ಮೀರಿತೆಂದು ಕಚೇರಿಯವರು ಹಿಂದಕ್ಕೆ ಕೊಟ್ಟಾರು.

ಬರುವ ತಿಂಗಳ ಕೂಟ ಬ್ರಹ್ಮಗಿರಿಯಲ್ಲಿ. ಬುತ್ತಿ, ನೀರು ಅವರವರೇ ತರಬೇಕು. ಚಪಡನ ಅಕ್ಷರ ನೋಡಬೇಕೆನ್ನುವವರು ಹೆಸರು ಬರೆಸಿ.

ಈಗ ಪ್ರಶ್ನೆಗಳು. ಮುಂಡಗೋಡದ ಪದ್ಧತಿಯಂತೆ ನಾವು ಕೂರುತ್ತೇವೆ, ಕೇಳುವವರು ನಿಂತು ಕೇಳಿ. ಯಜಮಾನರೇ, ನೀವೇ ಮೊದಲು.